ಹನ್ನೊಂದು ಸೆಕೆಂಡಿನ ಶಂಕ್ರೆಪ್ಪ

ಆ ವಿಡಿಯೊ ಎರಡು ನಿಮಿಷ ನಲವತ್ತು ಸೆಕೆಂಡಿನದು. ಇಂಡಿ ಪಟ್ಟಣದ ಟಾಕೀಸಿನಲ್ಲಿ ಜಪಾನಿನ ಒಂದು ಕಾರ್ಟೂನು ಹೊಡೆದಾಟದ ಸಿನಿಮಾ ನೋಡಿ ಹೊರಗೆ ಬಂದ ಎಂಟು ಜನರ ಅಭಿಪ್ರಾಯ ಅದರಲ್ಲಿದೆ. ಏಳು ಜನ "ಬೆಂಕಿ", "ಸೂಪರ್", "ಪೈಸಾ ವಸೂಲ್" ಅನ್ನುತ್ತಾರೆ. ಎಂಟನೆಯವರು ಶಂಕ್ರೆಪ್ಪ. ಅವರಿಗೆ ಸಿಕ್ಕಿರುವುದು ಹನ್ನೊಂದು ಸೆಕೆಂಡು. ಅಷ್ಟರಲ್ಲೇ ಅವರನ್ನು ಹುಚ್ಚನನ್ನಾಗಿ ಮಾಡಿ ಮುಗಿಸಿದ್ದಾರೆ. ನಲವತ್ತು ಸಾವಿರ ಜನ ನೋಡಿ ನಕ್ಕಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಈ ಮನುಷ್ಯ ಯಾರು ಎಂದು ಕೇಳಬೇಕು ಅನಿಸಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಸಿಟ್ಟು ಆರುವ ಮೊದಲೇ ಬರೆಯುತ್ತಿದ್ದೇನೆ.

ನಾನು ಸುನಂದಾ. ತಾಂಬಾದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಊರವರು ಅಕ್ಕೋರು ಅನ್ನುತ್ತಾರೆ. ಆಟದ ಮಾಸ್ತರರ ಹುದ್ದೆ ಆರು ವರ್ಷದಿಂದ ಖಾಲಿ ಬಿದ್ದಿರುವುದರಿಂದ ಮಕ್ಕಳ ಕ್ರೀಡೆಯ ಕಾಗದಪತ್ರವೆಲ್ಲ ನನ್ನ ಕೊರಳಿಗೆ ಬಿದ್ದಿದೆ. ಆ ಕಾಗದಪತ್ರದ ನೆಪದಲ್ಲೇ ನನಗೆ ಶಂಕ್ರೆಪ್ಪನವರ ಪರಿಚಯವಾಯಿತು. ಅಲ್ಲಿಯವರೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅದೇ ಊರಿನ ಮೇಲಿನ ಓಣಿಯಲ್ಲಿ ಹುಟ್ಟಿ ಬೆಳೆದ ನಾನು ಕೆಳಗಿನ ಓಣಿಯ ಅವರ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಶಂಕ್ರೆಪ್ಪನವರಿಗೆ ಈಗ ಅರವತ್ತೊಂದು. ಹೆಂಡತಿ ಯಲ್ಲವ್ವನ ಜೊತೆ ಹಿಟ್ಟಿನ ಗಿರಣಿ ನಡೆಸುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲವೂ ಜೋಳದ ಹಿಟ್ಟಿನಿಂದ ಬೆಳ್ಳಗಿರುತ್ತವೆ. ಒಂಬತ್ತಕ್ಕೆ ಮೊದಲು ಮತ್ತು ಸಂಜೆಯ ನಂತರ ಅವರು ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು. ಗಿರಣಿಯ ಹಿಂದೆ ತಗಡು ಹೊದಿಸಿದ ಗರಡಿ ಮನೆಯಿದೆ. ಅದರ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಲಿಂಬೆರಸ ಹಾಕಿ ಅವರೇ ಹದ ಮಾಡುತ್ತಾರೆ. ಕಲಿಯಲು ಬಂದವರು ಮೊದಲ ಮೂರು ತಿಂಗಳು ಮಣ್ಣು ಅಗೆದು ಹರಳು ಆರಿಸಬೇಕು. ಪಟ್ಟು ಕಲಿಸುವುದು ಆಮೇಲೆ. ಎಷ್ಟೋ ಹುಡುಗರು ಹರಳು ಆರಿಸುವಾಗಲೇ ಓಡಿ ಹೋಗಿದ್ದಾರೆ, ಅವರ ಬಗ್ಗೆ ಶಂಕ್ರೆಪ್ಪನವರಿಗೆ ಬೇಸರವೇನೂ ಇಲ್ಲ.

ಅವರ ಗರಡಿಗೆ ಒಂದೇ ಕಾನೂನು. ಬಿದ್ದವರಿಗೆ ಗೆದ್ದವರು ಕೈ ಕೊಟ್ಟು ಎಬ್ಬಿಸಬೇಕು. ಆ ಎರಡು ಕೈ ಕೂಡಿದ ಮೇಲೆ ಕುಸ್ತಿ ಮುಗಿಯಿತು. ಈ ಕಾನೂನು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಅವರು ಹೇಳಲಿಲ್ಲ, ಯಲ್ಲವ್ವ ಹೇಳಿದಳು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಚಡಚಣದ ಕಣದಲ್ಲಿ ಶಂಕ್ರೆಪ್ಪ ದೊಡ್ಡ ಮನೆತನದ ಒಬ್ಬ ಪೈಲವಾನನನ್ನು ಚಿತ್ ಮಾಡಿದ್ದರಂತೆ. ಕುಸ್ತಿಗೆ ಮೊದಲು ಇವರ ಕೈ ಮುಟ್ಟಲು ಒಪ್ಪದಿದ್ದವನು ಅವನು. ಬಿದ್ದ ಮೇಲೆ ಇವರು ಕೈ ಚಾಚಿದರು. ಈಗ ಅವನು ಆ ಕೈ ಹಿಡಿದ. ಹಿಡಿದು ಮೇಲೇಳುತ್ತಲೇ ಇವರ ಮೊಣಕಾಲಿಗೆ ಹಿಮ್ಮಡಿಯಿಂದ ಒದ್ದ. ಸುತ್ತಲಿನ ಜನ ಶಿಳ್ಳೆ ಹೊಡೆದರು. ಕೆಳಗಿನ ಓಣಿಯ ಹುಡುಗ ಬಿದ್ದು ಹೊರಳಾಡುವುದನ್ನು ನೋಡಿ ಶಿಳ್ಳೆ ಹೊಡೆಯುವ ಜನ ಆಗಲೂ ಇದ್ದರು, ಈಗಲೂ ಇದ್ದಾರೆ. ಆ ಮೊಣಕಾಲು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಶಂಕ್ರೆಪ್ಪ ಮತ್ತೆ ಕುಸ್ತಿ ಹಿಡಿಯಲಿಲ್ಲ, ಕಲಿಸಲು ಕೂತರು.

ಕಲಿಸುತ್ತ ಕಲಿಸುತ್ತ ಹೆಸರು ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಎಲ್ಲಿ ಕುಸ್ತಿ ಇಟ್ಟರೂ ಅವರನ್ನು ಪಂಚರ ಸಾಲಿನಲ್ಲಿ ಕೂಡಿಸುತ್ತಾರೆ. ಈ ಹಳ್ಳಿಗಳ ಹಳೆಯ ಪಂಚರು ಸೀಟಿ ಊದುವುದಿಲ್ಲ. ಮೋಸ ಕಂಡರೆ ಹೆಗಲ ಮೇಲಿನ ಟವಲ್ ತೆಗೆದು ಕಣಕ್ಕೆ ಒಗೆಯುತ್ತಾರೆ. ಟವಲ್ ಬಿತ್ತು ಅಂದರೆ ಎಂಥ ಪೈಲವಾನನೂ ಹಿಡಿದದ್ದನ್ನು ಬಿಟ್ಟು ನಿಲ್ಲಬೇಕು. ಇಪ್ಪತ್ತು ವರ್ಷದಲ್ಲಿ ಶಂಕ್ರೆಪ್ಪ ಒಗೆದ ಟವಲ್ಲಿಗೆ ಎದುರು ಮಾತಾಡಿದವರಿಲ್ಲ.

ಮೂರು ವರ್ಷದ ಹಿಂದೆ ಅವರ ಗರಡಿಗೆ ಶಿವಾನಿ ಬಂದಳು, ನನ್ನ ವಿದ್ಯಾರ್ಥಿನಿ. ಈಗ ಒಂಬತ್ತನೆಯ ತರಗತಿ. ತಂದೆ ಧರ್ಮರಾಜ ಅದೇ ಓಣಿಯವನು, ಇಂಡಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಹುಡುಗಿಯನ್ನು ಮಣ್ಣಿಗೆ ಇಳಿಸಿದ್ದಕ್ಕೆ ಊರು ಬಾಯಿಗೆ ಬಂದದ್ದು ಮಾತಾಡಿತು. ಶಂಕ್ರೆಪ್ಪ ಆ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಅವಳಿಂದಲೂ ಮೂರು ತಿಂಗಳು ಹರಳು ಆರಿಸಿದರು. ಅವಳು ಓಡಿ ಹೋಗಲಿಲ್ಲ. ಈ ವರ್ಷ ಮಸೂತಿ ಊರಿನ ಒಬ್ಬ ಗಟ್ಟಿ ಹುಡುಗಿಯನ್ನು ಎರಡು ನಿಮಿಷದಲ್ಲಿ ಚಿತ್ ಮಾಡಿ ಜಿಲ್ಲಾ ಆಯ್ಕೆಗೆ ಅರ್ಹಳಾದಳು. ಆಯ್ಕೆಯ ಫಾರ್ಮು ನನ್ನ ಕೈಯಲ್ಲಿತ್ತು. ಅದರಲ್ಲಿ ತರಬೇತುದಾರರ ಹೆಸರು ಬರೆಯುವ ಒಂದು ಗೆರೆ ಇತ್ತು. ಶಂಕ್ರೆಪ್ಪನವರ ಹೆಸರು ಜೀವನದಲ್ಲಿ ಮೊದಲ ಸಲ ಸರಕಾರಿ ಕಾಗದದ ಮೇಲೆ ವಸ್ತಾದ ಅಂತ ಬರುವುದಿತ್ತು. ಅವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಆದರೆ ಫಾರ್ಮು ಬಂತಾ ಎಂದು ನನ್ನನ್ನು ನಾಲ್ಕು ಸಲ ಕೇಳಿದ್ದರು.

ಅಷ್ಟರಲ್ಲಿ ಆ ಸಿನಿಮಾ ಬಂತು. ಹಿಂದಿಯಲ್ಲಿ ಮಾತು ಹಾಕಿದ್ದರು. ಗರಡಿಯ ಮಕ್ಕಳೆಲ್ಲ ಗಂಟುಬಿದ್ದು ನನ್ನನ್ನು ಒಪ್ಪಿಸಿದರು. ಶಿವಾನಿ ಹೋಗಿ ಶಂಕ್ರೆಪ್ಪನವರನ್ನು ಎಳೆದು ತಂದಳು.

"ಯಾರ ಆಡ್ತಾರ ಅದರಾಗ?" ಎಂದು ಬಸ್ಸಿನಲ್ಲಿ ಅವರು ಕೇಳಿದರು.

"ಯಾರೂ ಆಡಾಂಗಿಲ್ರಿ ವಸ್ತಾದ್ರ, ಚಿತ್ರಾ ಬರದು ಮಾಡಿದ್ದೈತಿ," ಅಂದಳು ಶಿವಾನಿ.

"ಬರದದ್ದು ಹೆಂಗ ಗುದ್ಯಾಡ್ತೈತಿ?"

"ನೋಡ್ರಲ್ಲ."

ಅವರು ನೋಡಿದರು. ನಾನು ಸಿನಿಮಾಕ್ಕಿಂತ ಹೆಚ್ಚಾಗಿ ಅವರನ್ನೇ ನೋಡಿದೆ. ಮೊದಲ ಅರ್ಧ ಗಂಟೆ ಮುಂದಿನ ಸೀಟಿನ ಮೇಲೆ ಎರಡೂ ಕೈಯೂರಿ, ಬಾಯಿ ಸ್ವಲ್ಪ ತೆರೆದು ಕೂತಿದ್ದರು. ಗುಡ್ಡದ ಮೇಲಿನ ಒಂದು ಶಾಲೆ, ಅಲ್ಲೊಬ್ಬ ಮುದಿ ಗುರು, ಅವನ ಶಿಷ್ಯನಾದ ಬಿಳಿಗೂದಲಿನ ತರುಣ, ಗುರುವನ್ನು ಕೊಂದ ವೈರಿ. ಕಥೆ ಅಷ್ಟೇ. ಆದರೆ ಹೊಡೆದಾಟ ಶುರುವಾದಾಗಲೆಲ್ಲ ಶಂಕ್ರೆಪ್ಪನವರ ಭುಜ ತಾನಾಗಿ ಅಲುಗುತ್ತಿತ್ತು. "ಅಕ್ಕೋರ, ಇದನ್ನ ಬರದಾಂವ ಮನಿಶ್ಯಾನ ಹಿಮ್ಮಡಿ ನೋಡ್ಯಾನ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ಹೊಡ್ಯೂಕಿಂತ ಮದಲ ಭಾರ ಹಿಮ್ಮಡಿಗೆ ಇಳೀತೈತಿ. ನಮ್ಮ ಹುಡುಗರಿಗೆ ನಾ ವರ್ಷಗಟ್ಲೆ ಹೇಳೂದು ಇದನ್ನ." ಇಷ್ಟು ಚೆನ್ನಾಗಿ ಆ ಸಿನಿಮಾ ನೋಡಿದ ಇನ್ನೊಬ್ಬ ಆ ಟಾಕೀಸಿನಲ್ಲಿ ಇರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳಬಲ್ಲೆ.

ಕೊನೆಯ ಕಾಳಗ ಬಂತು. ವೈರಿ ಬಿದ್ದ. ಸೋತೆ ಎಂದು ಒಪ್ಪಿಕೊಂಡು ಕೈ ಚಾಚಿದ. ಬಿಳಿಗೂದಲಿನವನು ಆ ಕೈ ಹಿಡಿದ. ಹಿಡಿದು ತನ್ನ ಕಡೆ ಎಳೆದುಕೊಂಡು ಎದೆಗೆ ಮೊಣಕಾಲು ಕೊಟ್ಟ. ಟಾಕೀಸು ಕಿತ್ತು ಹೋಗುವ ಹಾಗೆ ಶಿಳ್ಳೆ ಬಿತ್ತು. ಶಂಕ್ರೆಪ್ಪ ಎದ್ದು ನಿಂತರು. ಹೆಗಲ ಮೇಲಿನ ಟವಲ್ ತೆಗೆದು ಪರದೆಯ ಕಡೆಗೆ ಒಗೆದರು. ಅದು ಎರಡು ಸಾಲು ದಾಟಿ ಯಾರದೋ ತಲೆಯ ಮೇಲೆ ಬಿತ್ತು. "ಬಿಡ ಅಂವನ್ನ," ಅಂದರು. ಗದರಿಸುವ ದನಿಯಲ್ಲ, ಪಂಚರು ಕಣದಲ್ಲಿ ಹೇಳುವ ದನಿ.

ಇಡೀ ಟಾಕೀಸು ನಗತೊಡಗಿತು. ಯಾರೋ ಆಗಲೇ ಮೊಬೈಲು ಎತ್ತಿದ್ದರು. ನಾನೇನು ಮಾಡಿದೆ? ಅವರ ಅಂಗಿಯ ತುದಿ ಹಿಡಿದು ಎಳೆದೆ. "ಕುಂದರ್ರಿ ವಸ್ತಾದ್ರ, ಎಲ್ಲಾರೂ ನೋಡಾಕತ್ತಾರ," ಅಂದೆ. ನನ್ನ ಮುಖ ಉರಿಯುತ್ತಿತ್ತು. ಉಳಿದವರ ಮೇಲಿನ ಸಿಟ್ಟನ್ನು ಬರೆಯುವ ಮೊದಲು ಇದನ್ನೂ ಬರೆದಿಡಬೇಕು.

ಹೊರಗೆ ಅನಿಲ ಮೈಕು ಹಿಡಿದು ನಿಂತಿದ್ದ. ಅವನು ನನ್ನ ಹಳೆಯ ವಿದ್ಯಾರ್ಥಿ, ಈಗ ಇಂಡಿಯಲ್ಲಿ ಒಂದು ಯೂಟ್ಯೂಬ್ ಚಾನೆಲ್ಲಿನ ಒಡೆಯ. "ಪಿಕ್ಚರ್ ಹೆಂಗಿತ್ರಿ, ಐದಕ್ಕ ಎಷ್ಟ ಸ್ಟಾರ್ ಕೊಡ್ತೀರಿ?" ಎಂದು ಎಲ್ಲರನ್ನೂ ಕೇಳುತ್ತಿದ್ದ. ನಾನು ಕಳೆದುಹೋದ ಟವಲ್ ಹುಡುಕಲು ಒಳಗೆ ಹೋಗಿದ್ದೆ. ಟವಲ್ ಸಿಗಲಿಲ್ಲ. ತಿರುಗಿ ಬರುವಷ್ಟರಲ್ಲಿ ಮಕ್ಕಳು ಮಾತಾಡಿ ಮುಗಿಸಿದ್ದರು, ಶಂಕ್ರೆಪ್ಪನವರೂ ಮಾತಾಡಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದರು.

ಎರಡು ದಿನದಲ್ಲಿ ವಿಡಿಯೊ ಬಂತು. "ಕಾರ್ಟೂನ್ ಕೂಡ ಕುಸ್ತಿಗೆ ಬಿದ್ದ ಅಜ್ಜ" ಎಂಬ ತಲೆಬರಹ. ಮೊದಲು ಟಾಕೀಸಿನೊಳಗಿನ ಟವಲ್ಲಿನ ದೃಶ್ಯ, ಅದನ್ನು ಮೂರು ಸಲ ತಿರುಗಿಸಿ ತೋರಿಸಿದ್ದರು. ಆಮೇಲೆ ಏಳು ಜನರ ಬೆಂಕಿ, ಸೂಪರ್. ಕೊನೆಗೆ ಶಂಕ್ರೆಪ್ಪ: "ಹೊಡೀಬಾರ್ದಿತ್ತು. ಕೈ ಕೊಟ್ಟ ಮ್ಯಾಲ ಹೊಡೀಬಾರ್ದು. ಅದಕ್ಕ ನಾ ಕುಸ್ತಿ ನಿಲ್ಸಿದೆ." ಹಿಂದೆ ಕತ್ತೆ ಒದರುವ ಸದ್ದು ಹಾಕಿದ್ದರು. ಕೆಳಗಿನ ಕಾಮೆಂಟುಗಳನ್ನು ಇಲ್ಲಿ ಬರೆಯುವುದಿಲ್ಲ. ಯಾವ ಓಣಿಯವರೆಂದು ಹುಡುಕಿ ತೆಗೆದು, ಅದನ್ನೂ ಹಿಡಿದು ಆಡಿಕೊಂಡಿದ್ದವರು ಕಡಿಮೆಯಿರಲಿಲ್ಲ. ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳಲು ಬಂದವರು ಒಬ್ಬ ಮನುಷ್ಯನ ಜಾತಿಯ ಬಗ್ಗೆ ಅಭಿಪ್ರಾಯ ಹೇಳಿ ಹೋಗಿದ್ದರು.

"ಗಿರಣಿಗೆ ಬಂದವರು ಬುಟ್ಟಿ ಕೆಳಗ ಇಡೂಕಿಂತ ಮದಲ ನಗತಾರ್ರಿ ಅಕ್ಕೋರ," ಅಂದಳು ಯಲ್ಲವ್ವ. "ಇವರು ಒಂದು ಮಾತ ಆಡಾಂಗಿಲ್ಲ. ಹಿಟ್ಟ ಬೀಸಿ ಕೊಡ್ತಾರ."

ನಾಲ್ಕನೆಯ ದಿನ ಧರ್ಮರಾಜ ಗರಡಿಗೆ ಬಂದ. ನಾನೂ ಫಾರ್ಮು ತುಂಬಿಸಲು ಅಲ್ಲಿಗೇ ಹೋಗಿದ್ದೆ. ಅವನು ನೆಲ ನೋಡುತ್ತಲೇ ಮಾತಾಡಿದ.

"ಕಾಕಾ, ಸಿಟ್ಟಾಗಬ್ಯಾಡ. ಆಫೀಸಿನಾಗ ದಿನಾ ಟವಲ್ ಒಗದು ಚ್ಯಾಷ್ಟಿ ಮಾಡಾಕತ್ತಾರ. ನಾಳೆ ಆಯ್ಕಿ ಮಾಡೋರೂ ಈ ಹುಡುಗಿ ಅವನ ಶಿಷ್ಯಾ ಏನ ಅಂತ ನಕ್ರ ಹೆಂಗ? ಸಿಂದಗಿ ಕೋಚ್ ಹಣಮಂತ್ರಾಯ ಅವರ ಹೆಸರ ಬರಸೂಣು. ಅವರ ಕಡೆ ಸರ್ಟಿಫಿಕೇಟ್ ಐತಿ."

ನನ್ನ ಮೈಯೆಲ್ಲ ಉರಿಯಿತು. ಮೂರು ವರ್ಷ ಒಂದು ಪೈಸೆ ಮುಟ್ಟದೆ ಕಲಿಸಿದವರ ಮುಂದೆ ನಿಂತು ಹೀಗೆ ಕೇಳಲು ನಾಲಿಗೆ ಹೇಗೆ ಬರುತ್ತದೆ ಎಂದು ಬೈಯಲು ಬಾಯಿ ತೆರೆದೆ. ಶಂಕ್ರೆಪ್ಪ ಅದಕ್ಕೆ ಎಡೆಗೊಡಲಿಲ್ಲ.

"ಬ್ಯಾರೆ ಹೆಸರ ಬರೀರಿ ಅಕ್ಕೋರ. ನಂದು ಬ್ಯಾಡ," ಅಂದರು.

ಶಿವಾನಿ ಕಣದ ಅಂಚಿನಲ್ಲಿ ಬಸ್ಕಿ ಹೊಡೆಯುತ್ತಿದ್ದಳು. ಕಣದೊಳಗಲ್ಲ, ಹೊರಗೆ. ಅದು ನನ್ನ ಕಣ್ಣಿಗೆ ಬಿತ್ತು, ಆದರೆ ಅರ್ಥ ತಲೆಗೆ ಹೋಗಲಿಲ್ಲ. ಊರಿನ ನಗೆಗೆ ಈ ಮನುಷ್ಯ ಸೋತುಬಿಟ್ಟರು ಎಂದುಕೊಂಡೆ. ಫಾರ್ಮನ್ನು ಶನಿವಾರ ಕಳಿಸಬೇಕಿತ್ತು, ಹೆಸರು ಬರೆಯದೆ ಚೀಲಕ್ಕೆ ಹಾಕಿಕೊಂಡೆ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಇಂಡಿಗೆ ಹೋದೆ. ಅನಿಲನ ಆಫೀಸು ಒಂದು ಮೊಬೈಲ್ ಅಂಗಡಿಯ ಮೇಲಿದೆ. ಅವನು ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ. ಮರ್ಯಾದೆಗೇನೂ ಕಡಿಮೆಯಿಲ್ಲ, ಆ ಮರ್ಯಾದೆಯೇ ನನ್ನ ಸಿಟ್ಟನ್ನು ಹೆಚ್ಚಿಸಿತು.

"ಶಂಕ್ರೆಪ್ಪ ಎಷ್ಟು ಮಾತಾಡಿದರು ನಿನ್ನ ಮೈಕಿನಾಗ?" ಎಂದು ಕೇಳಿದೆ.

"ನಾಕ ನಿಮಿಷ ಇರಬೇಕ್ರಿ ಅಕ್ಕೋರ."

"ಉಳಿದದ್ದು ಎಲ್ಲಿ ಹೋತು?"

"ನಾಕ ನಿಮಿಷ ಯಾರ ನೋಡ್ತಾರ್ರಿ? ಹಿಮ್ಮಡಿ, ಭಾರ, ಉಸಿರು ಅಂತ ಏನೇನೋ ಹೇಳಿದ್ರು. ಜನಕ್ಕ ಅದು ಬ್ಯಾಡ್ರಿ."

"ಕತ್ತೆ ಒದರೂ ಸದ್ದು ಬೇಕು?"

ವಿಡಿಯೊ ತೆಗೆ ಅಂದೆ. ಈಗ ತೆಗೆದರೂ ಉಪಯೋಗವಿಲ್ಲ, ಬೇರೆಯವರು ಎತ್ತಿ ಹಾಕಿಕೊಂಡಿದ್ದಾರೆ ಅಂದ. ಹಾಗಾದರೆ ಪೂರ್ತಿ ನಾಲ್ಕು ನಿಮಿಷವನ್ನೂ ಹಾಕು ಅಂದೆ. ನೋಡೋಣ ಅಂದ. ಒಬ್ಬ ಮನುಷ್ಯನ ಮಾತನ್ನು ಕೊಯ್ದು ಕಸಕ್ಕೆ ಹಾಕಿ, ಉಳಿದ ಚೂರಿನಿಂದ ಹೊಟ್ಟೆ ಹೊರೆಯುವುದನ್ನು ನಾನು ಕಲಿಸಿದ ಹುಡುಗ ಎಲ್ಲಿ ಕಲಿತನೋ ತಿಳಿಯದು. ಕೊನೆಗೆ ಕತ್ತರಿಸದ ವಿಡಿಯೊವನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟ. ಹಾಕಿಕೊಡುವವರೆಗೆ ನಾನು ಕುರ್ಚಿ ಬಿಟ್ಟೇಳಲಿಲ್ಲ.

ತಾಂಬಾದ ಬಸ್ಸಿನಲ್ಲಿ ಅದನ್ನು ನೋಡಿದೆ. ಒಬ್ಬೊಬ್ಬರಾಗಿ ಮೈಕಿನ ಮುಂದೆ ಬರುತ್ತಾರೆ. ಬೆಂಕಿ, ಸೂಪರ್, ಐದಕ್ಕೆ ಐದು. ಗರಡಿಯ ಹುಡುಗರೂ ಅದನ್ನೇ ಅನ್ನುತ್ತಾರೆ. ಆಮೇಲೆ ಶಿವಾನಿ ಬರುತ್ತಾಳೆ. ಅವಳ ಮಾತನ್ನು ಅನಿಲ ಕತ್ತರಿಸಿದ ವಿಡಿಯೊದಲ್ಲೂ ಹಾಕಿದ್ದ, ಆದರೆ ಶಂಕ್ರೆಪ್ಪನವರಿಗಾದ ಅವಮಾನದ ಸಿಟ್ಟಿನಲ್ಲಿ ನಾನು ಕಿವಿಗೊಟ್ಟು ಕೇಳಿರಲಿಲ್ಲ.

"ಲಾಸ್ಟ್ ಫೈಟ್ ಭಾರಿ ಇತ್ರಿ. ಕೈ ಹಿಡದು ಹೊಡದ್ನಲ್ಲ, ಹಂಗ ಹೊಡೀಬೇಕು," ಅನ್ನುತ್ತಾಳೆ ಶಿವಾನಿ, ನಗುತ್ತ.

ಕತ್ತರಿಸಿದ ವಿಡಿಯೊದಲ್ಲಿ ಅವಳ ಮುಖ ಮಾತ್ರ ಕಾಣುತ್ತಿತ್ತು. ಪೂರ್ತಿ ವಿಡಿಯೊದಲ್ಲಿ ಅವಳ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಶಂಕ್ರೆಪ್ಪ ನಿಂತಿದ್ದಾರೆ. ಟಾಕೀಸಿನ ನಗೆಗೆ ಕುಗ್ಗದ ಆ ಮುಖ ಅಲ್ಲಿ ಕುಗ್ಗುವುದನ್ನು ನಾನು ಕಣ್ಣಾರೆ ನೋಡಿದೆ. ಅವರೇ ಮುಂದೆ ಬಂದು ಮೈಕು ಕೇಳುತ್ತಾರೆ. ಹಿಮ್ಮಡಿಯ ಬಗ್ಗೆ ಹೇಳುತ್ತಾರೆ, ಉಸಿರಿನ ಬಗ್ಗೆ ಹೇಳುತ್ತಾರೆ, ಚಿತ್ರ ಬರೆದವನು ಯಾವ ಊರಿನವನಾದರೂ ದೊಡ್ಡ ವಸ್ತಾದ ಅನ್ನುತ್ತಾರೆ. "ಇಷ್ಟೆಲ್ಲಾ ಗೊತ್ತಿದ್ದಾಂವ ಆ ಹೊಡತಕ್ಕ ಮಾತ್ರ ಚಪ್ಪಾಳಿ ಬೇಡ್ಯಾನ. ಗುರುನ್ನ ಕೊಂದಾಂವ ಇರಲಿ, ಯಾರರೆ ಇರಲಿ. ಹೊಡೀಬಾರ್ದಿತ್ತು. ಕೈ ಕೊಟ್ಟ ಮ್ಯಾಲ ಹೊಡೀಬಾರ್ದು," ಅನ್ನುತ್ತಾರೆ. ನಾಲ್ಕು ನಿಮಿಷವೂ ಅವರ ಕಣ್ಣು ಕ್ಯಾಮೆರಾದ ಮೇಲಿಲ್ಲ. ಎಡಗಡೆ, ಶಿವಾನಿ ಸರಿದು ನಿಂತ ಜಾಗದ ಮೇಲಿದೆ. ಅನಿಲನ ಪ್ರೇಕ್ಷಕರಿಗೆ ಅವರು ಅಭಿಪ್ರಾಯ ಹೇಳುತ್ತಲೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಧರ್ಮರಾಜನನ್ನು ಮನೆಯಿಂದ ಎಬ್ಬಿಸಿಕೊಂಡೇ ಗರಡಿಗೆ ಹೋದೆ. ಮೊಬೈಲನ್ನು ಅವನ ಕೈಗಿತ್ತು ಪೂರ್ತಿ ನೋಡಿಸಿದೆ. ನೋಡಿ ಮುಗಿಸಿದ ಮೇಲೆ ಅವನು "ಕಾಕಾ ಇಷ್ಟೆಲ್ಲಾ ಅಂದಿದ್ದ ಏನ್ರಿ?" ಎಂದು ಕೇಳಿ ಮೊಬೈಲು ತಿರುಗಿ ಕೊಟ್ಟ. ಶಂಕ್ರೆಪ್ಪ ಕಣದ ಮಣ್ಣು ಮಗುಚುತ್ತಿದ್ದರು. ಶಿವಾನಿಯನ್ನು ಆವತ್ತೂ ಕಣದ ಹೊರಗೇ ನಿಲ್ಲಿಸಿದ್ದರು.

"ನಿಮಗ ಊರ ಮಂದಿ ನಕ್ಕಿದ್ದಲ್ಲ ಬ್ಯಾನಿ, ಈ ಹುಡುಗಿ ಮಾತು," ಅಂದೆ ಅವರಿಗೆ.

ಅವರು ಸಲಿಕೆ ಊರಿ ನಿಂತರು. "ನಕ್ಕವರು ನಗಲಿ ಬಿಡ್ರಿ, ನಾ ನಗೂ ಮಂದಿನ ಮದಲೂ ನೋಡೇನಿ. ಇಕಿಗೆ ಮೂರು ವರ್ಷ ಪಟ್ಟು ಕಲಿಸೇನಿ. ಕಲಿಸಬೇಕಾಗಿದ್ದನ್ನ ಕಲಿಸಿಲ್ಲ ಅಂತ ಆವತ್ತು ತಿಳೀತು. ಕಲಿಸದಾಂವ ತನ್ನ ಹೆಸರ ಬರಸ್ಕೋಬಾರ್ದು."

ಶಿವಾನಿಯ ಕಣ್ಣಲ್ಲಿ ನೀರು ಬಂತು. "ಎಲ್ಲಾರೂ ಹಂಗ ಅನ್ನಾಕತ್ತಿದ್ರು, ನಾನೂ ಅಂದೆರಿ," ಅಂದಳು. "ನಿಮಗ ನಗೂದು ನೋಡಿ ಹೆದರಿಕಿ ಬಂದಿತ್ತು. ಬ್ಯಾರೆ ಅಂದ್ರ ನನಗೂ ನಗತಾರ ಅಂತ."

ನಾನು ತಲೆ ತಗ್ಗಿಸಿದೆ. ಟಾಕೀಸಿನಲ್ಲಿ ಅವರ ಅಂಗಿ ಹಿಡಿದು ಎಳೆದಾಗ ನನಗಿದ್ದ ಹೆದರಿಕೆಯೂ ಅದೇ. ನನಗೆ ನಲವತ್ತಾರು, ಅವಳಿಗೆ ಹದಿನಾಲ್ಕು.

"ಆಯ್ಕಿ ಕಣದಾಗ ಎದುರಿನ ಹುಡುಗಿ ಸೋತು ಕೈ ಚಾಚತಾಳ," ಅಂದರು ಶಂಕ್ರೆಪ್ಪ. "ಸುತ್ತ ಕುಂತ ಮಂದಿ ಹೊಡಿ ಅಂತಾರ. ನಿನ್ನ ಗೆಳತ್ಯಾರೂ ಅಂತಾರ. ಆಗ ಏನ ಮಾಡ್ತಿ?"

ಹೊಡೆಯುವುದಿಲ್ಲ ಎಂದು ಹೇಳು ತಾಯಿ, ಅಷ್ಟು ಹೇಳಿದರೆ ಮುಗಿಯಿತು ಎಂದು ನಾನು ಮನಸ್ಸಿನಲ್ಲೇ ಅವಳಿಗೆ ಹೇಳುತ್ತಿದ್ದೆ. ಧರ್ಮರಾಜನೂ ಮಗಳ ಮುಖವನ್ನೇ ನೋಡುತ್ತಿದ್ದ. ಅವಳು ಕಣದ ಮಣ್ಣನ್ನು ನೋಡಿದಳು. ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಗೊತ್ತಿಲ್ಲರಿ ವಸ್ತಾದ್ರ," ಅಂದಳು.

ಧರ್ಮರಾಜ ಏನೋ ಹೇಳಲು ಹೋದ. ಶಂಕ್ರೆಪ್ಪ ಅವನಿಗೆ ಸುಮ್ಮನಿರಲು ಕೈ ಮಾಡಿ ನನ್ನ ಕಡೆ ತಿರುಗಿದರು.

"ಫಾರ್ಮ್ ತಗೀರಿ ಅಕ್ಕೋರ. ನನ್ನ ಹೆಸರ ಬರೀರಿ. ಹೊಡ್ಯಾಂಗಿಲ್ಲ ಅಂದಿದ್ರ ಅದೂ ಮೈಕಿನ ಮುಂದ ಆಡಿದಂಥಾ, ಮಂದಿಗೆ ಹೆದರಿ ಆಡಿದ ಮಾತ ಆಗ್ತಿತ್ತು. ನಿಮ್ಮ ಫಾರ್ಮ್ ತಿರುಗಿ ಕಳಿಸ್ತಿದ್ದೆ."

ನಾನು ಗಿರಣಿಯ ಕಟ್ಟೆಯ ಮೇಲೆ ಫಾರ್ಮು ಇಟ್ಟು ಆ ಗೆರೆಯ ಮೇಲೆ ಅವರ ಹೆಸರು ಬರೆದೆ. ಧರ್ಮರಾಜ ಕೆಳಗೆ ಸಹಿ ಹಾಕಿದ. ಶಿವಾನಿ ಕಣದೊಳಗೆ ಇಳಿಯಲು ಕಾಲು ಮುಂದಿಟ್ಟಳು. ಶಂಕ್ರೆಪ್ಪ ಸಲಿಕೆಯನ್ನು ಅಡ್ಡ ಹಿಡಿದರು.

"ಆಯ್ಕಿಗೆ ಇನ್ನ ಎಂಟ ದಿನ ಐತಿ," ಅಂದರು. "ಅಷ್ಟರಾಗ ಗೊತ್ತ ಮಾಡ್ಕೊಂಡು ಒಳಗ ಬಾ."